ಪ್ರಯಾಗದಲ್ಲಿ ಎರಡು ಏಕಾದಶಿ

ರೈಲಿನ ಕಿಟಕಿಯೇ ಈ ದೇಶದ ಅತ್ಯುತ್ತಮ ಪಾಠಶಾಲೆ ಎಂಬ ವಿಷಯದ ಪರವಾಗಿ ಮಾತಾಡಿ ನಾನು ಮದ್ರಾಸಿನ ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದಿದ್ದೆ. ಆಗ ನಾನು ಎಚ್ಚರವಾಗಿ ಕೂತು ನೋಡಿದ್ದ ಅತಿ ದೂರದ ನಿಲ್ದಾಣ ಅರಕ್ಕೋಣಂ. ಕೃಷ್ಣೆಯ ಅಗಲ, ವಿಂಧ್ಯದ ಕಾಡು, ಗಂಗೆಯ ಬಯಲು ಎಲ್ಲವನ್ನೂ ವೇದಿಕೆಯ ಮೇಲೆ ಕಣ್ಣಿಗೆ ಕಟ್ಟುವಂತೆ ವರ್ಣಿಸಿದೆ. ವಿರುದ್ಧ ಪಕ್ಷಕ್ಕೆ ಹಾಕಿದ್ದರೂ ಗೆಲ್ಲುತ್ತಿದ್ದೆ. ಚರ್ಚೆಯ ತರಬೇತಿ ಎಂದರೆ ಅಷ್ಟೇ: ನೋಡದಿರುವುದನ್ನು ನೋಡಿದವನಿಗಿಂತ ಚೆನ್ನಾಗಿ ಹೇಳುವುದು.

ನಮ್ಮ ಮನೆಯಲ್ಲಿ ದೇಶವನ್ನು ನಿಜವಾಗಿ ಸುತ್ತಿದವನು ಅಪ್ಪ. ಅವನು ಮದ್ರಾಸಿನ ಪ್ಯಾರಿಸ್ ಕಾರ್ನರ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನ ಮುಖ್ಯ ಅಡುಗೆಯವನು. ಹೋಟೆಲಿನ ಧಣಿ ನಮ್ಮ ಕರಾವಳಿಯವರೇ. ಪ್ರತಿ ಬೇಸಿಗೆಯಲ್ಲೂ ಮದ್ರಾಸಿನ ಕನ್ನಡ ವೈಷ್ಣವ ಕುಟುಂಬಗಳನ್ನು ಉತ್ತರದ ಯಾತ್ರೆಗೆ ಕರೆದುಕೊಂಡು ಹೋಗುವ ವ್ಯವಹಾರವೂ ಅವರದ್ದಿತ್ತು. ಎರಡು ಬೋಗಿ ಯಾತ್ರಿಕರಿಗೆ, ಒಂದು ಬೋಗಿ ಅಡುಗೆಗೆ. ಅವನ್ನು ಮೇಲ್ ಗಾಡಿಗಳಿಗೆ ಸಿಕ್ಕಿಸುವುದು, ಕ್ಷೇತ್ರ ಬಂದಾಗ ಕಳಚಿ ಸೈಡಿಂಗಿನಲ್ಲಿ ನಿಲ್ಲಿಸುವುದು. ಅಪ್ಪ ವರ್ಷವರ್ಷವೂ ಆ ಮೂರನೆಯ ಬೋಗಿಯಲ್ಲಿ ಕಾಶಿ, ಗಯೆ, ಪುರಿ ಸುತ್ತಿ ಬರುತ್ತಿದ್ದ. ಏನೂ ನೋಡಿರಲಿಲ್ಲ. ಅಡುಗೆ ಬೋಗಿಯ ಕಿಟಕಿಗಳನ್ನು ತೆರೆಯುವಂತಿರಲಿಲ್ಲ. ಗಾಡಿ ಓಡುವಾಗ ಇಂಜಿನ್ನಿನ ಮಸಿ ಅನ್ನಕ್ಕೆ ಬೀಳುತ್ತದೆ. ನಿಂತಾಗ ಪ್ಲಾಟ್‌ಫಾರ್ಮಿನ ಮೇಲಿರುವ ಯಾರು ಯಾರದೋ ದೃಷ್ಟಿ ಬೀಳುತ್ತದೆ. ಎರಡೂ ಮಡಿಗೆ ಆಗದು.

"ನರ್ಮದಾ ನದಿ ಹೇಗಿದೆ?" ಎಂದು ಒಮ್ಮೆ ಕೇಳಿದ್ದೆ.

"ಅಲ್ಲಿಯ ನೀರ್ ಒಳ್ಳೇದ್. ಬೇಳೆ ಬೇಗ ಬೇಯ್ತ್," ಅಂದಿದ್ದ.

ಈ ಮಾತನ್ನು ಕಾಲೇಜಿನ ಗೆಳೆಯರಿಗೆ ಹೇಳಿದಾಗ "ಆಹಾ, ಎಂಥ ಅನುಭವಜ್ಞಾನ!" ಎಂದು ಒಬ್ಬ ತಲೆದೂಗಿದ. ನನಗೆ ಸಿಟ್ಟು ಬಂತು. ಒಬ್ಬ ಮನುಷ್ಯನನ್ನು ದೇಶದ ಉದ್ದಕ್ಕೂ ಡಬ್ಬಿಯಲ್ಲಿ ಮುಚ್ಚಿ ಕೊಂಡೊಯ್ದು, ಅವನಿಗೆ ಗೊತ್ತಿರುವುದು ಬೇಳೆ ಬೇಯುವ ಹೊತ್ತು ಮಾತ್ರ ಎಂದಾದರೆ ಅದನ್ನು ಜ್ಞಾನವೆಂದು ಹೊಗಳುವುದು ಹೊಗಳುವವನ ಅನುಕೂಲಕ್ಕೆ.

ಅಮ್ಮನಿಗೆ ಪ್ರಯಾಗಕ್ಕೆ ಹೋಗಬೇಕಿತ್ತು. ಗಂಗೆಗಲ್ಲ, ಪುಣ್ಯಕ್ಕೂ ಅಲ್ಲ, ವೇಣಿದಾನಕ್ಕೆ. ಸಂಗಮದ ದಡದಲ್ಲಿ ಗಂಡ ಹೆಂಡತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಲೆ ಬಾಚಿ, ಜಡೆ ಹೆಣೆದು, ಹೂ ಮುಡಿಸಿ, ಜಡೆಯ ತುದಿಯನ್ನಷ್ಟು ಕತ್ತರಿಸಿ ನೀರಿಗೆ ಕೊಡುವ ಶಾಸ್ತ್ರ. ಅಲ್ಲಿ ಬಿಟ್ಟ ಕೂದಲು ತೇಲದೆ ಮುಳುಗುತ್ತದೆ ಎಂಬ ನಂಬಿಕೆ ಬೇರೆ. ನಾನು ಬಿಡುತ್ತೇನೆಯೇ?

"ಕೂದ್ಲು ನೀರಿಗಿಂತ ಭಾರವಾ ಹಗುರವಾ ಅನ್ನೋದು ಊರಿಂದೂರಿಗೆ ಬದಲಾಗಲ್ಲಮ್ಮ," ಅಂದೆ. "ಅದನ್ನ ನದಿ ಏನು ಮಾಡ್ಕೊಳ್ಳುತ್ತೆ ಹೇಳು."

"ನದಿ ಎಂತ ಬೇಕಾರೂ ಮಾಡ್ಕಣ್ಲಿ," ಅಮ್ಮ ಮೊರದಲ್ಲಿನ ಅಕ್ಕಿಯಿಂದ ಕಣ್ಣೆತ್ತದೆ ಹೇಳಿದಳು. "ನಿನ್ನ ಅಪ್ಪಯ್ಯ ಒಂದ್ ಸಲ ನನ್ನ ಹತ್ರ ಕೂಕಣ್ಲಿ. ಜಡೆ ಹಾಕ್ಲಿ. ನಾಕ್ ಜನ ಕಾಣ್ಲಿ. ಅಷ್ಟೇ."

ಮದುವೆಯಾದ ಮೇಲೆ ಅಪ್ಪ ಹೋಟೆಲಿನ ಮಹಡಿಯ ಕೋಣೆಯಲ್ಲಿ ಉಳಿದ ಅಡುಗೆಯವರ ಜೊತೆ ಚಾಪೆ ಹಾಸಿ ಮಲಗುತ್ತಿದ್ದ. ಅಮ್ಮ ಊರಲ್ಲಿ ಅತ್ತೆಯ ಕೈಕೆಳಗೆ. ನನ್ನನ್ನು ಶಾಲೆಗೆ ಹಾಕುವ ಹೊತ್ತಿಗೆ ರಾಯಪುರಂನ ಗಲ್ಲಿಯಲ್ಲಿ ಒಂದು ಮನೆಯಾಯಿತು. ಆಮೇಲೂ ಅಪ್ಪ ಬೆಳಕು ಹರಿಯುವ ಮೊದಲು ಹೋಗುವವನು, ಹೋಟೆಲು ಮುಚ್ಚಿದ ಮೇಲೆ ಬರುವವನು. ಬೇಸಿಗೆಯಲ್ಲಿ ಅದೂ ಇಲ್ಲ. ಮದ್ರಾಸಿನ ಅರ್ಧ ಜನರಿಗೆ ಅವನ ಕೈರುಚಿ ಗೊತ್ತಿತ್ತು. ಅಮ್ಮನಿಗೆ ಅವನ ಕೈಯೇ ಗೊತ್ತಿರಲಿಲ್ಲ.

ಅರವತ್ತರ ದಶಕದ ಶುರುವಿನಲ್ಲಿ, ನಾನು ಬಿ.ಎ. ಪರೀಕ್ಷೆ ಮುಗಿಸಿದ ಬೇಸಿಗೆ, ಧಣಿಗಳು ತಾವಾಗಿ ಮನೆಗೆ ಬಂದರು. ಬಹುಮಾನದ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

"ನೀನು ಬಾ ಮಾರಾಯ. ಗಾಡಿ ಹೋಗುವಾಗ ಎಡಕ್ಕೆ ಎಂತ ಉಂಟು, ಬಲಕ್ಕೆ ಎಂತ ಉಂಟು ಅಂತ ಚಂದ ಮಾಡಿ ಹೇಳು. ಬೇರೆ ಕಂಪನಿಯವರ ಯಾತ್ರೆಯಲ್ಲಿ ಇದಿಲ್ಲ. ಅಮ್ಮನನ್ನೂ ಕರ್ಕೊಂಡು ಬಾ. ಹೆಂಗಸರ ಕಡೆ ಒಂದು ಸೀಟು ಕೊಡ್ತೇನೆ."

"ಪ್ರಯಾಗದಲ್ಲಿ ಅಪ್ಪನಿಗೆ ಬಿಡುವು?" ಎಂದೆ.

"ಏಕಾದಶಿ ಅಲ್ಲೇ ಬರ್ತದೆ. ಅವತ್ತು ಒಲೆಯೇ ಹಚ್ಚುವುದಿಲ್ಲ. ಇಡೀ ದಿನ ನಿಮ್ಮದೇ!"

ಅಮ್ಮ ಅಂದೇ ಬಾಚಣಿಗೆಯನ್ನು ಸೀಗೆಪುಡಿಯ ನೀರಲ್ಲಿ ತಿಕ್ಕಿ ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟಳು.

ಹೊರಟ ದಿನ ಸೆಂಟ್ರಲ್ಲಿನಲ್ಲಿ ಹೆಂಗಸರ ಕಡೆಯ ಆ ಸೀಟನ್ನು ಹುಡುಕಿ ಹೋದೆವು. ಸೀಟು ಇತ್ತು. ಅದರ ಮೇಲೆ ಉಪ್ಪಿನಕಾಯಿಯ ಭರಣಿಗಳು, ಚಾಪೆಯ ಸುರುಳಿ, ಯಾರದೋ ಮೊಮ್ಮಗಳ ತೊಟ್ಟಿಲಿನ ಬಟ್ಟೆ ಇದ್ದವು. ಎತ್ತಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಡುಗೆ ಬೋಗಿಯಿಂದ ಕರೆ ಬಂತು. ತರಕಾರಿ ಹೆಚ್ಚುವವರಲ್ಲಿ ಒಬ್ಬ ಕೈಕೊಟ್ಟಿದ್ದ. "ಬೆಜವಾಡದ ತನಕ ಒಂಚೂರು ಕೈ ಹಾಕಿ ಅಮ್ಮ, ಅಲ್ಲಿ ಯಾರನ್ನಾದರೂ ನೋಡುವ," ಎಂದರು ಧಣಿಗಳು. ಬೆಜವಾಡದಲ್ಲಿ ಯಾರನ್ನೂ ನೋಡಲಿಲ್ಲ. ಅಮ್ಮ ಮೂರನೆಯ ಬೋಗಿಯವಳಾದಳು.

ಗಾಡಿ ಬೇಸಿನ್ ಬ್ರಿಜ್ ದಾಟಿತು. ಎಣ್ಣೂರಿನ ಹತ್ತಿರ ಉಪ್ಪಿನ ಪಾತಿಗಳು ಬಿಸಿಲಿಗೆ ಕನ್ನಡಿಯಂತೆ ಹೊಳೆಯತೊಡಗಿದವು. ನಾನು ಗಂಟಲು ಸರಿಮಾಡಿಕೊಂಡೆ.

"ಬಲಗಡೆ ನೋಡಿ, ಸಮುದ್ರದ ನೀರನ್ನು ಹೀಗೆ ಕಟ್ಟಿ ನಿಲ್ಲಿಸಿ..."

"ತಂಬಿ," ಎಂದರು ಕಿಟಕಿಯ ಪಕ್ಕದ ಹಿರಿಯರು. ತಿರುವಲ್ಲಿಕ್ಕೇಣಿಯವರು, ನಿವೃತ್ತ ಶಿರಸ್ತೇದಾರರು. "ಲೆಕ್ಚರ್ ಕೊಂಜಂ ನಿಲ್ಸಪ್ಪಾ. ಕಾಫಿ ಎನ್ನ ಆಚ್ಚು, ಏನಾಯ್ತು ಅಂತ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಕೇಳ್ಕೊಂಡು ಬಾ."

ಬೋಗಿಯಿಂದ ಬೋಗಿಗೆ ಒಳಗಿಂದೊಳಗೇ ದಾರಿ ಇರಲಿಲ್ಲ. ನಿಲ್ದಾಣ ಬಂದಾಗ ಇಳಿದು ಓಡಬೇಕು. ಹಾಗಾಗಿ ನನ್ನ ವಿವರಣೆ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಒಂದು ಬೋಗಿ, ಆಮೇಲೆ ಇನ್ನೊಂದು ಬೋಗಿ. ಕೃಷ್ಣಾ ನದಿಯ ಸೇತುವೆಯ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರು. ಮುಚ್ಚಿದ ಕಣ್ಣಿಗೆ ನಾನು ಮರಳ ದಿಬ್ಬಗಳ ನಡುವೆ ಹರಿಯುವ ನೀಲಿ ಎಳೆಯನ್ನು ವರ್ಣಿಸಿದೆ. ಗೋದಾವರಿ ದಾಟಿದ ಮೇಲೆ ಎಲೆ ಉದುರಿದ ತೇಗದ ಕಾಡು. ಮಸಿ ಬಣ್ಣದ ಕೊಂಬೆಗಳ ನಡುವೆ ಅಲ್ಲೊಂದು ಇಲ್ಲೊಂದು ತಡವಾಗಿ ಹೂ ಬಿಟ್ಟ ಮುತ್ತುಗ. ಮೈಲಾಪುರದ ನಿವೃತ್ತ ಲೆಕ್ಕದ ಮೇಷ್ಟ್ರು ತಲೆಯೆತ್ತಿ ನೋಡಿ, "ಮುತ್ತುಗದ ಎಲೆ ಸಿಕ್ಕಿದ್ರೆ ಊಟಕ್ಕೆ ಪರವಾಯಿಲ್ಲೆ," ಎಂದರು. ನಾಗಪುರದಾಚೆ ಬೆಟ್ಟಗಳು ಬಂದವು, ಸುರಂಗಗಳು ಬಂದವು. ಸುರಂಗದ ಕತ್ತಲಲ್ಲೂ ನಾನು ಮಾತು ನಿಲ್ಲಿಸಲಿಲ್ಲ. ಬೆಳಕಿನಲ್ಲಿ ಹೇಳುವುದಕ್ಕೂ ಕತ್ತಲಲ್ಲಿ ಹೇಳುವುದಕ್ಕೂ ಕೇಳುವವರ ಮಟ್ಟಿಗೆ ವ್ಯತ್ಯಾಸವಿರಲಿಲ್ಲ.

ನನಗಾದರೂ ವ್ಯತ್ಯಾಸವಿತ್ತು. ದೇಶ ನಿಜವಾಗಿಯೂ ಚೆನ್ನಾಗಿತ್ತು. ಅದೇ ನನಗೆ ಇನ್ನಷ್ಟು ಕಹಿಯಾದದ್ದು. ನನ್ನ ಭಾಷಣ ಸುಳ್ಳಾಗಿದ್ದರೆ ಒಂದು ಸಮಾಧಾನವಿರುತ್ತಿತ್ತು. ಇಷ್ಟು ದೊಡ್ಡ ಆಕಾಶ, ಹೀಗೆ ತಿರುಗಿ ತಿರುಗಿ ಹಿಂದೆ ಸರಿಯುವ ಬೆಟ್ಟ, ಇಪ್ಪೆಹೂವಿನ ಅಮಲು ವಾಸನೆ, ಮತ್ತು ಎರಡು ಬೋಗಿ ಆಚೆಗೆ ಮುಚ್ಚಿದ ಕಿಟಕಿಗಳ ಹಿಂದೆ ಬೆವರಿನಲ್ಲಿ ತೆಂಗಿನಕಾಯಿ ತುರಿಯುತ್ತಿರುವ ಅಮ್ಮ.

ನರ್ಮದೆ ಬರುವುದಕ್ಕೆ ಮುಂಚಿನ ನಿಲ್ದಾಣದಲ್ಲಿ ಅಡುಗೆ ಬೋಗಿಗೆ ಹತ್ತಿ, ಒಂದೇ ಒಂದು ಕಿಟಕಿ ತೆರೆಯಿರಿ ಎಂದು ಧಣಿಗಳ ಜೊತೆ ವಾದಿಸಿದೆ. ಸೇತುವೆ ಮುಗಿಯುವಷ್ಟು ಹೊತ್ತು ಸಾಕು. ಪಾತ್ರೆಗಳಿಗೆ ಮುಚ್ಚಳವಿದೆ, ನದಿಯ ಮೇಲೆ ದೃಷ್ಟಿ ಹಾಕುವವರು ಯಾರೂ ನಿಂತಿರುವುದಿಲ್ಲ.

"ನೀನು ಹೇಳುವುದು ಸರಿ," ಎಂದರು. ಅವರ ವಿಶೇಷವೇ ಅದು. ಎಲ್ಲದಕ್ಕೂ ಸರಿ ಎನ್ನುತ್ತಿದ್ದರು. "ಸರಿಯೇ. ಆದರೆ ಒಮ್ಮೆ ತೆರೆದರೆ ಯಾತ್ರೆಯವರು ಕೇಳ್ತಾರಲ್ಲ, ಯಾಕೆ ತೆರೆದದ್ದು ಅಂತ?"

"ಬಿಡಾ ಮಗಾ," ಅಮ್ಮ ಹೇಳಿದಳು. "ಪ್ರಯಾಗ ಬತ್ತಲ್ದಾ."

ಪ್ರಯಾಗ ಬಂತು. ಬೋಗಿಗಳನ್ನು ಸೈಡಿಂಗಿನಲ್ಲಿ ಬೇವಿನ ಮರಗಳ ಪಕ್ಕ ನಿಲ್ಲಿಸಿದರು. ಎರಡು ಪೂರ್ತಿ ದಿನ ಅಲ್ಲಿದ್ದು ಮೂರನೆಯ ದಿನ ಬೆಳಿಗ್ಗೆ ಕಾಶಿಗೆ ಹೊರಡುವುದೆಂದು ಏರ್ಪಾಡು. ಸಂಜೆ ಫಲಾಹಾರದ ಹೊತ್ತಿಗೆ ಶಿರಸ್ತೇದಾರರು, "ನಾಳೆ ಏಕಾದಶಿ, ಎಲ್ಲರಿಗೂ ನೆನಪಿದೆ ಅಲ್ವಾ?" ಎಂದರು.

"ನಾಳೆ ಎಲ್ಲಿಂದ ಬಂತು?" ಎಂದರು ಲೆಕ್ಕದ ಮೇಷ್ಟ್ರು. "ನಾಳಿದ್ದು."

ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ನಮ್ಮಲ್ಲಿ ಒಂದೊಂದು ಮಠದವರಿಗೆ ಒಂದೊಂದು ಪಂಚಾಂಗ. ವರ್ಷದಲ್ಲಿ ಕೆಲವು ಸಲ ಲೆಕ್ಕ ಬೇರೆಯಾಗಿ ಒಂದು ಮನೆಯವರು ಉಪವಾಸವಿರುವಾಗ ಪಕ್ಕದ ಮನೆಯವರು ಉಣ್ಣುತ್ತಾರೆ. ಮದ್ರಾಸಿನಲ್ಲಾದರೆ ಅವರವರ ಮನೆ, ಅವರವರ ಒಲೆ. ಇಲ್ಲಿ ಒಲೆ ಒಂದೇ. ಧಣಿಗಳು ನೋಡಿಟ್ಟಿದ್ದದ್ದು ಶಿರಸ್ತೇದಾರರ ಪಂಚಾಂಗ. ಯಾತ್ರಿಕರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮೇಷ್ಟ್ರ ಪಂಚಾಂಗದವರು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

"ನೀನು ಡಿಬೇಟಿನವನಲ್ವಾ, ಒಂದು ತೀರ್ಮಾನ ಮಾಡ್ಸು," ಎಂದು ಧಣಿಗಳು ನನ್ನನ್ನು ಮುಂದೆ ತಳ್ಳಿದರು.

ನಾನು ಎದ್ದು ನಿಂತೆ. ಅಷ್ಟು ಮನಸ್ಸಿಟ್ಟು ಯಾವ ವೇದಿಕೆಯ ಮೇಲೂ ಮಾತಾಡಿರಲಿಲ್ಲ. ದೇವರಲ್ಲಿ ನನಗೆ ನಂಬಿಕೆಯಿಲ್ಲ ಎಂಬುದನ್ನು ಬದಿಗಿಟ್ಟೆ. ಯಾತ್ರೆಯಲ್ಲಿ ಇರುವವರಿಗೆ ಶಾಸ್ತ್ರದಲ್ಲೇ ರಿಯಾಯಿತಿ ಇದೆ ಎಂದೆ. ಚಂದ್ರ ಒಬ್ಬನೇ, ತಿಥಿ ಒಂದೇ, ಒಂದೇ ಸೈಡಿಂಗಿನಲ್ಲಿ ನಿಂತವರಿಗೆ ಎರಡು ಆಕಾಶ ಇರಲಾರದು ಎಂದೆ. ನಾಳೆಯಾದರೂ ಆಗಲಿ, ನಾಳಿದ್ದಾದರೂ ಆಗಲಿ, ಎಲ್ಲರೂ ಸೇರಿ ಒಂದು ದಿನ ಹಿಡಿಯಿರಿ. ಅಡುಗೆಯವರಿಗೂ ಒಂದು ಸಂಸಾರವಿದೆ, ಅವರಿಗೂ ಸಂಗಮ ಬೇಕು ಎಂದೆ.

"ಚೆನ್ನಾಗಿ ಮಾತಾಡ್ತಾನೆ, ಇಲ್ಲೆಯಾ?" ಶಿರಸ್ತೇದಾರರು ಮೇಷ್ಟ್ರಿಗೆ ಹೇಳಿದರು.

"ರೊಂಬ ಚೆನ್ನಾಗಿ," ಎಂದರು ಮೇಷ್ಟ್ರು. ಆ ದಿನ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಎರಡನೆಯದೂ ಬೇಗ ಬಂತು. ಯಾರ ಮನಸ್ಸನ್ನೂ ನೋಯಿಸುವುದು ಬೇಡ. ಅವರ ಏಕಾದಶಿ ಅವರಿಗೆ, ಇವರ ಏಕಾದಶಿ ಇವರಿಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಗಸರ ಕಡೆಯಿಂದ ಯಾರೋ "ಹೀಗಿರಬೇಕು ಒಗ್ಗಟ್ಟು" ಎಂದರು.

ಆ ಒಗ್ಗಟ್ಟಿನ ಅರ್ಥ ಇಷ್ಟು. ಮೊದಲ ದಿನ ಶಿರಸ್ತೇದಾರರ ಕಡೆಯವರಿಗೆ ಉಪವಾಸ, ಮೇಷ್ಟ್ರ ಕಡೆಯವರಿಗೆ ಊಟ. ಎರಡನೆಯ ದಿನ ಸೂರ್ಯ ಹುಟ್ಟುವಾಗಲೇ ಶಿರಸ್ತೇದಾರರ ಕಡೆಯವರು ಉಪವಾಸ ಮುರಿಯುವ ಪಾರಣೆ. ಅದಕ್ಕೆ ಹಬ್ಬದಷ್ಟು ಅಡುಗೆ. ಮೇಷ್ಟ್ರ ಕಡೆಯವರಿಗೆ ಅಂದು ಉಪವಾಸ, ಮೂರನೆಯ ಬೆಳಿಗ್ಗೆ ಅವರ ಪಾರಣೆ. ಒಲೆ ಆರುವ ದಿನವೇ ಇಲ್ಲ.

ಎರಡನೆಯ ದಿನ ಪಾರಣೆ ಮುಗಿದ ಮೇಲೆ ಒಂದು ಸಂದು ಇತ್ತು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಬರಲಿ ಎಂದು ನಾನು ಶಿರಸ್ತೇದಾರರ ಮುಂದೆ ನಿಂತೆ.

"ಹೋಗಲಿ, ಯಾರು ಬೇಡ ಅಂದ್ರು? ಆದ್ರೆ ಮಧ್ಯಾಹ್ನ ಮಕ್ಕಳಿಗೆ ಅನ್ನ ಆಗ್ಬೇಕಲ್ಲ. ಹೊರಗೆ ಹೋಗಿ ಬಂದವರು ಮಡಿಯಲ್ಲಿ ಹೇಗೆ ಅಡುಗೆ ಮಾಡ್ತಾರೆ?"

"ಸಂಗಮದಲ್ಲೇ ಸ್ನಾನ ಮಾಡಿ ಬರ್ತಾರೆ. ಅದಕ್ಕಿಂತ ದೊಡ್ಡ ಮಡಿ ಯಾವುದು ಸಾರ್?"

ಅವರು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. "ಸಂಗಮ ಪವಿತ್ರವೇ ತಂಬಿ. ಸಂಗಮದಿಂದ ಇಲ್ಲಿವರೆಗೂ ಬರೋ ಟಾಂಗಾ?"

ನಾನು ಸೋತೆ. ಉತ್ತರ ಹೊಳೆಯಲಿಲ್ಲ ಎಂದಲ್ಲ. ಬೋಗಿಯಲ್ಲಿ ಎಲ್ಲರೂ ನಗುತ್ತಿದ್ದರು, ಅವರ ನಗು ನಿಲ್ಲುವ ಮೊದಲೇ ವಿಷಯ ಮುಗಿದಿತ್ತು.

ಅಪ್ಪನ ಬಗ್ಗೆಯೂ ಹೇಳಬೇಕು. ಅವನನ್ನು ಬರೀ ಪಾಪದವನೆಂದು ಚಿತ್ರಿಸಿದರೆ ನನ್ನ ವಾದ ಗಟ್ಟಿಯಾಗುತ್ತದೆ, ಆದರೆ ಅದು ನಿಜವಲ್ಲ. ಅವನ ಕೈಕೆಳಗೆ ಇಬ್ಬರು ಅಡುಗೆಯವರಿದ್ದರು. "ನಾಳಿನ ಪಾರಣೆ ನಾವು ನೋಡ್ಕೊಳ್ತೇವೆ ಭಟ್ರೇ, ಹೋಗಿ ಬನ್ನಿ," ಎಂದು ಅವರೇ ಹೇಳಿದ್ದರು. ಅಷ್ಟರಲ್ಲಿ ಮೇಷ್ಟ್ರು ಬೋಗಿಯ ಬಾಗಿಲಿಗೆ ಬಂದು, "ನಿಮ್ಮ ಕೈ ಸಾರು ಇಲ್ಲದೆ ಪಾರಣೆಯಾ? ಅದೆಲ್ಲಾ ಆಗಾದು," ಎಂದರು. ಅಪ್ಪನ ಮುಖ ಅರಳಿದ್ದನ್ನು ನಾನು ನೋಡಿದೆ. ಅಮ್ಮನೂ ನೋಡಿದಳು. ಅವನನ್ನು ಕಟ್ಟಿಹಾಕಿದ್ದು ಹೆದರಿಕೆಯಲ್ಲ, ಹೊಗಳಿಕೆ. ಹೆದರಿಕೆಯಾಗಿದ್ದರೆ ಬಿಡಿಸಬಹುದಿತ್ತು.

"ನಾಳೆ ಪಾರಣೆ ಬೇಗ ಮುಗಿತ್," ಎಂದ ಅಪ್ಪ, ಯಾರ ಮುಖವನ್ನೂ ನೋಡದೆ. "ಗಾಡಿ ಹೊರಡುಕೆ ಮುಂಚೆ ಹೋಪ."

ಅಂದು ಮಧ್ಯಾಹ್ನ ಶಿರಸ್ತೇದಾರರ ಕಡೆಯ ಹೆಂಗಸರು ಸಂಗಮದಿಂದ ಹಿಂತಿರುಗಿದರು. ಒದ್ದೆ ಸೀರೆ, ಜಡೆಯ ತುಂಬ ಹೂ. ಅರವತ್ತು ದಾಟಿದವರೂ ಹೊಸ ಮದುಮಗಳ ಹಾಗೆ ಒಬ್ಬರ ಜಡೆ ಒಬ್ಬರು ಹಿಡಿದು ತೋರಿಸುತ್ತಿದ್ದರು. "ಇವರಿಗೆ ಮೂರು ಎಳೆ ಹಿಡಿಯಕ್ಕೂ ಬರಲ್ಲ! ಪೂಜೆ ಮಾಡ್ಸೋ ಪಂಡಾ ನಕ್ಕಿದ್ದೇ ನಕ್ಕಿದ್ದು," ಎಂದು ಶಿರಸ್ತೇದಾರರ ಹೆಂಡತಿ ಗಂಡನನ್ನು ಅಣಕಿಸಿದರು. ಆಮೇಲೆ ಎಲೆಯ ಮುಂದೆ ಕೂತು, ಬಡಿಸಲು ಬಂದ ಅಮ್ಮನನ್ನು ಕೇಳಿದರು: "ಮುಳುಗಿತು ಕಣ್ರೀ, ನಾವೇ ಕಣ್ಣಾರೆ ನೋಡಿದ್ವಿ. ನಿಮ್ಮದಾಯ್ತಾ?"

"ಆಯ್ತ್," ಎಂದಳು ಅಮ್ಮ. ಅನ್ನದ ಮೇಲೆ ತುಪ್ಪ ಹಾಕಿದಳು.

ಮೂರನೆಯ ಬೆಳಿಗ್ಗೆ ನಾನು ಟಾಂಗಾ ತಂದು ನಿಲ್ಲಿಸಿದೆ. ಅಮ್ಮ ಸೀರೆ ಬದಲಿಸಿ, ಕೂದಲು ಬಿಚ್ಚಿ, ಬಾಚಣಿಗೆಯ ಗಂಟನ್ನು ಕೈಯಲ್ಲಿ ಹಿಡಿದು ಬೋಗಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಮೇಷ್ಟ್ರ ಕಡೆಯವರು ಉಪವಾಸದ ಹಸಿವೆಯಲ್ಲಿ ನಿಧಾನವಾಗಿ, ಮೆಚ್ಚಿ ಮೆಚ್ಚಿ ಉಂಡರು. ಸಾರಿಗೆ ಎರಡನೆಯ ಸಲ, ಮೂರನೆಯ ಸಲ ಕರೆದರು. ಕೊನೆಯ ಎಲೆ ಎತ್ತುವಾಗ ಧಣಿಗಳು ಬಂದು, ನಮ್ಮ ಬೋಗಿಗಳನ್ನು ಸಿಕ್ಕಿಸಲು ಇಂಜಿನ್ ಆಗಲೇ ಹೊರಟಿದೆಯಂತೆ, ಯಾರೂ ದೂರ ಹೋಗಬೇಡಿ ಎಂದರು. ಟಾಂಗಾದವನು ನನ್ನನ್ನು ಬೈದು ಕುದುರೆ ತಿರುಗಿಸಿದ.

ಅಪ್ಪ ಕೈ ಒರೆಸಿಕೊಂಡು ಬಂದ. ಆಮೇಲೆ ಅಕ್ಕಿಮೂಟೆಯ ಮೇಲೆ ಕೂತು, "ಇಲ್ಲೇ ಕೂಕೊ," ಎಂದ.

ಅಮ್ಮ ಅವನ ಮುಂದೆ ನೆಲದ ಮೇಲೆ ಕೂತಳು. ಕೂದಲನ್ನು ಅವನು ಮೂರು ಪಾಲು ಮಾಡಿದ. ಬಾಳೆನಾರಿನ ಹಗ್ಗ ಹೊಸೆಯುವವನಂತೆ ಬಿಗಿಯಾಗಿ ಎಳೆಯುತ್ತಿದ್ದ. ಅಮ್ಮನ ತಲೆ ಹಿಂದಕ್ಕೆ ವಾಲಿತು. ಅವಳು ನೋವಾಯಿತು ಎನ್ನಲಿಲ್ಲ. ನಾನು ಮುಖ ತಿರುಗಿಸಿ ಬಾಗಿಲ ಕಡೆ ನಿಂತೆ. ಎರಡು ಮೂರು ಸುತ್ತು ಆಗಿರಬಹುದು.

"ಭಟ್ರೇ! ಗಾಡಿ ಹೊರಡೋಕೆ ಮುಂಚೆ ಎಲ್ಲರಿಗೂ ಒಂದೊಂದು ಕಾಫಿ ಕೊಟ್ಬಿಡಿ ಪಾ!" ಪಕ್ಕದ ಬೋಗಿಯಿಂದ ಮೇಷ್ಟ್ರ ದನಿ.

"ಬಂದೆ," ಎಂದ ಅಪ್ಪ. ಯೋಚಿಸಿ ಹೇಳಿದ್ದಲ್ಲ, ಇಷ್ಟು ವರ್ಷಗಳಲ್ಲಿ ಆ ಮಾತು ತಾನೇ ಬಾಯಿಗೆ ಬರುತ್ತಿತ್ತು. ಎಳೆಗಳನ್ನು ಬಿಟ್ಟು ಎದ್ದು ಒಲೆಯ ಕಡೆ ಹೋದ.

ಅಮ್ಮ ಬೆರಳು ಹಾಕಿ ಆ ಸುತ್ತುಗಳನ್ನು ಬಿಡಿಸಿ, ತುರುಬು ಕಟ್ಟಿ, ಲೋಟಗಳನ್ನು ಜೋಡಿಸತೊಡಗಿದಳು. ನಾನು ಏನೋ ಹೇಳಲು ಹೋದೆ. "ಬಾಯಿ ಮುಚ್ಚ್," ಎಂದಳು. "ನಿನ್ನ ಮಾತ್ ಕೇಂಡ್ ಕೇಂಡ್ ಸಾಕಾಯ್ತ್."

ಕಾಶಿ, ಗಯೆ, ಪುರಿ. ಚಿಲ್ಕಾ ಸರೋವರದ ಪಕ್ಕ ಗಾಡಿ ಹೋಗುವಾಗ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕೊನೆಯಿಲ್ಲದ ನೀರು. ನಾನು ಬಾಯಿ ಬಿಡಲಿಲ್ಲ. ವಿವರಣೆ ನಿಂತದ್ದನ್ನು ಯಾರೂ ಗಮನಿಸಲಿಲ್ಲ.

ಮುಂದಿನ ಬೇಸಿಗೆ ಧಣಿಗಳು ಮತ್ತೆ ರಾಯಪುರಂಗೆ ಬಂದರು. ನಾನು ಅಷ್ಟರಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅವರಿಗೆ ನಾನು ಬೇಕಿರಲಿಲ್ಲ. ಅಮ್ಮ ಬೇಕಿತ್ತು, ತರಕಾರಿ ಹೆಚ್ಚುವ ಕೈಯ ರುಚಿ ಯಾತ್ರಿಕರಿಗೆ ಹತ್ತಿತ್ತು.

"ಹೋದ ಸಲ ಆದದ್ದಕ್ಕೆ ನನಗೂ ಬೇಜಾರು ಉಂಟು," ಎಂದರು. ನಿಜವಾಗಿ ಬೇಜಾರಿದ್ದಂತೆಯೇ ಕಂಡಿತು. "ಈ ಸಲ ಎರಡೂ ಪಂಚಾಂಗ ನೋಡಿದ್ದೇನೆ ಅಮ್ಮ. ಪ್ರಯಾಗದಲ್ಲಿ ಏಕಾದಶಿಯ ತಕರಾರೇ ಬರುವುದಿಲ್ಲ. ಆಚೆ ಈಚೆ ಎಲ್ಲಿಯೂ ಏಕಾದಶಿ ಇಲ್ಲದ ದಿನಗಳನ್ನೇ ಇಟ್ಟಿದ್ದೇನೆ."

ಅಮ್ಮ ಬಾಗಿಲ ಹಿಂದೆ ನಿಂತೇ ಕೇಳಿದಳು: "ಏಕಾದಶಿ ಇಲ್ಲೆ ಅಂದ್ರೆ ದಿನಾ ಅಡುಗೆ ಇತ್ತಲ್ದಾ?"

"ಅದೂ ಸರಿಯೇ," ಎಂದರು ಧಣಿಗಳು.

ಅಪ್ಪ, ಹೊರಡುವುದು ಯಾವತ್ತು ಎಂದು ಕೇಳಿದ. ಅಮ್ಮ ಒಳಗೆ ಹೋಗಿ ಅವನ ಎರಡು ಮಡಿ ಪಂಚೆಗಳನ್ನು ಮಾತ್ರ ಒಗೆಯಲು ನೀರಿಗೆ ಹಾಕಿದಳು.